ಸಹಿ ಹಾಕಿದ ಫಲಕದಿಂದ ಫೇಸ್‌ಬುಕ್‌ವರೆಗೆ

2010ರ ಬ್ರಿಟನ್ ಚುನಾವಣೆಯ ಹೊತ್ತಿನ ಒಂದು ಛಾಯಾಚಿತ್ರ ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ವಿಶ್ವವಿದ್ಯಾಲಯಗಳ ಶುಲ್ಕ ಹೆಚ್ಚಳದ ವಿರುದ್ಧ ಮತ ಹಾಕುವುದಾಗಿ ಬರೆದಿದ್ದ ಫಲಕಕ್ಕೆ ಸಹಿ ಹಾಕಿ, ಅದನ್ನು ಕೈಯಲ್ಲಿ ಹಿಡಿದು ನಿಂತವರು ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್. ಅದೇ ಮೇ ತಿಂಗಳಲ್ಲಿ ಡೇವಿಡ್ ಕ್ಯಾಮರೂನ್ ಅವರ ಸಮ್ಮಿಶ್ರ ಸರ್ಕಾರದ ಉಪಪ್ರಧಾನಿಯಾದ ಅವರು, ಡಿಸೆಂಬರಿನಲ್ಲಿ ವಾರ್ಷಿಕ ಶುಲ್ಕದ ಮಿತಿಯನ್ನು 9,000 ಪೌಂಡ್‌ಗೆ ಏರಿಸುವ ಪ್ರಸ್ತಾವದ ಪರವಾಗಿಯೇ ಮತ ಹಾಕಿದರು. 2012ರಲ್ಲಿ ವಿಡಿಯೊ ಮೂಲಕ ಕ್ಷಮೆಯನ್ನೂ ಕೇಳಿದರು. ಆದರೆ ಅದು ಶುಲ್ಕ ಏರಿಸಿದ್ದಕ್ಕಲ್ಲ, ಉಳಿಸಿಕೊಳ್ಳಲಾಗದ ಮಾತು ಕೊಟ್ಟಿದ್ದಕ್ಕೆ. ನನಗೆ ಇದು ಕ್ಷಮೆಗಿಂತ ವಕೀಲರ ವಾದದಂತೆ ಕೇಳಿಸಿತ್ತು. 2015ರಲ್ಲಿ ಪಕ್ಷ 57 ಸ್ಥಾನಗಳಿಂದ 8ಕ್ಕೆ ಕುಸಿಯಿತು. 2017ರಲ್ಲಿ ಕ್ಲೆಗ್ ಅವರ ಸ್ವಂತ ಶೆಫೀಲ್ಡ್ ಹಾಲಮ್ ಕ್ಷೇತ್ರವೂ ಕೈತಪ್ಪಿತು.

ಮರುವರ್ಷ ಅವರು ಫೇಸ್‌ಬುಕ್ ಸೇರಿದಾಗ ಹಲವರು ಹುಬ್ಬೇರಿಸಿದರು. ನನಗೇನೂ ಆಶ್ಚರ್ಯವಾಗಲಿಲ್ಲ: ಯುರೋಪಿಯನ್ ಸಂಸತ್ತಿನ ಸದಸ್ಯರಾಗಿ ಅಲ್ಲಿನ ಕಾನೂನು ರಚನೆಯನ್ನು ಒಳಗಿನಿಂದ ಕಂಡವರು, ಸರ್ಕಾರಗಳ ಪ್ರಶ್ನೆಗಳಿಗೆ ಉತ್ತರಿಸಬೇಕಿದ್ದ ಕಂಪನಿಗೆ ಬೇಕಾಗಿಯೇ ಇದ್ದರು. 2022ರಲ್ಲಿ ಜಾಗತಿಕ ವ್ಯವಹಾರಗಳ ಅಧ್ಯಕ್ಷರಾದರು. 2023ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅವರ ಅಮಾನತಾಗಿದ್ದ ಖಾತೆಗಳನ್ನು ಮರಳಿಸುವ ನಿರ್ಧಾರವನ್ನು ಪ್ರಕಟಿಸಿದವರು, ಯಾವ ಮತದಾರರಿಗೂ ಉತ್ತರ ಕೊಡಬೇಕಿಲ್ಲದ ಹುದ್ದೆಯಲ್ಲಿದ್ದ ಇದೇ ಕ್ಲೆಗ್. (ಉಪಪ್ರಧಾನಿಯಾಗಿದ್ದಾಗ ಇಷ್ಟು ಅಧಿಕಾರ ಅವರಿಗಿತ್ತೇ ಎಂಬುದು ನನ್ನ ಗುಮಾನಿ.) 2025ರ ಜನವರಿಯಲ್ಲಿ ಅವರು ನಿರ್ಗಮನ ಘೋಷಿಸಿದಾಗ ಆ ಸ್ಥಾನಕ್ಕೆ ಬಂದ ಜೋಯೆಲ್ ಕಾಪ್ಲನ್ ಕೂಡ ಹಿಂದೆ ಜಾರ್ಜ್ ಡಬ್ಲ್ಯು. ಬುಷ್ ಅವರ ಶ್ವೇತಭವನದಲ್ಲಿ ಕೆಲಸ ಮಾಡಿದ್ದವರು.