ಬೆಳಕಿಗೆ ಸುಸ್ತಾಗಲ್ಲ, ನನಗೆ ಆಗ್ತದೆ

"ಬೆಳಕಿನ ವೇಗ ಬದಲಾಗಲ್ಲ ಅಂತೀರಿ. ಮತ್ತೆ ದೂರ ಹೋಗೋ ನಕ್ಷತ್ರದ ಬೆಳಕು ಕೆಂಪಿನ ಕಡೆ ಸರಿಯೋದು ಹೇಗೆ?"

ಮೊದಲಿಗೆ ಆ 'ಅಂತೀರಿ'. ನಾನು ಕಾರವಾರದಲ್ಲಿ ಫಿಸಿಕ್ಸ್ ಪಾಠ ಮಾಡುವವನು, ಬೆಳಕಿಗೆ ವೇಗ ಗೊತ್ತು ಮಾಡುವವನಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ 29,97,92,458 ಮೀಟರ್. ದೀಪ ಓಡುತ್ತಿರಲಿ, ಅಳೆಯುವವರೇ ಓಡುತ್ತಿರಲಿ, ಅಷ್ಟೇ. 1905ರಲ್ಲಿ ಐನ್‌ಸ್ಟೈನ್ ಇದರ ಮೇಲೇ ಸಿದ್ಧಾಂತ ಕಟ್ಟಿದರು. ತಕರಾರಿದ್ದರೆ ಅವರ ಹತ್ತಿರ.

ಒಮ್ಮೆ ಶಿರಸಿಯಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ದೊಡ್ಡಪ್ಪ ಅಪ್ಪೆಹುಳಿ ಲೋಟ ಕೆಳಗಿಟ್ಟು, "ಬೆಳಕು ಕೆಂಪಾತು ಅಂದ್ರೆ ಅದ್ಕೆ ಸುಸ್ತಾತು ಹೇಳಿ ಆತು. ಅಲ್ದಾ ತಮಾ?" ಅಂದರು. ಹೌದು ಅಂದಿದ್ದರೆ ಹೋಳಿಗೆ ಬಿಸಿಬಿಸಿ ಸಿಗುತ್ತಿತ್ತು. ಅನ್ನಲಿಲ್ಲ. ಎಲೆಯ ಮೇಲೆ ಉಪ್ಪು ಎಳೆದು ದಡ ಮಾಡಿದೆ, ಉಪ್ಪಿನಕಾಯಿ ಹೋಳನ್ನು ದೋಣಿ ಮಾಡಿದೆ.

ನಮ್ಮ ಕಾರವಾರದ ಬೈತಖೋಲ ಬಂದರಿನಿಂದ ದೋಣಿ ಹೊರಟಿದೆ, ಬೆಳಕಿನ ವೇಗದ 0.6 ಪಟ್ಟು ವೇಗದಲ್ಲಿ (ಡೀಸೆಲ್ ಲೆಕ್ಕ ಕೇಳಬೇಡಿ). ಅದರ ದೀಪ ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಒಂದು ಮಿಣುಕಿನಿಂದ ಇನ್ನೊಂದಕ್ಕೆ ದೋಣಿ ಅಷ್ಟು ದೂರ ಹೋಗಿರುತ್ತದೆ, ಆ ದೂರ ದಾಟಲು ಬೆಳಕಿಗೇ 0.6 ಸೆಕೆಂಡ್ ಬೇಕು. ವೇಗ ಅದೇ, ದಾರಿ ಜಾಸ್ತಿ. ಹಾಗಾಗಿ ದಡದಲ್ಲಿ ನಿಂತವರಿಗೆ ಮಿಣುಕು 1.6 ಸೆಕೆಂಡಿಗೊಂದು. ದಾಟಿ ಹೋದ ರೈಲಿನ ಹಾರ್ನ್ ದಪ್ಪಗೆ ಕೇಳೋದೂ ಹೀಗೇ.

ಆದರೆ ಇಲ್ಲಿ ಇನ್ನೊಂದಿದೆ. ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ನಮ್ಮ ಲೆಕ್ಕದಲ್ಲಿ ಓಡುವ ದೋಣಿಯ ಗಡಿಯಾರವೇ ನಿಧಾನ, ಅದರ ಒಂದು ಸೆಕೆಂಡ್ ನಮಗೆ 1.25. ಗುಣಿಸಿ, ಎರಡು ಸೆಕೆಂಡಾಯ್ತು. ಈಗ ಮಿಣುಕಿನ ಜಾಗದಲ್ಲಿ ಬೆಳಕಿನ ಅಲೆಯ ಉಬ್ಬು ಇಡಿ. ಉಬ್ಬಿನಿಂದ ಉಬ್ಬಿಗೆ ಅಂತರ ಹೆಚ್ಚಿದಷ್ಟೂ ಬಣ್ಣ ಕೆಂಪಿನ ಕಡೆ. ಸೋಡಿಯಂ ದೀಪದ 589 ನ್ಯಾನೋಮೀಟರ್ ಹಳದಿ ಬೆಳಕು 1178 ಆಗುತ್ತದೆ. ಅದು ಕೆಂಪೂ ಅಲ್ಲ, ಕೆಂಪನ್ನೂ ದಾಟಿದ್ದು, ಕಣ್ಣಿಗೆ ಕಾಣೋದೇ ಇಲ್ಲ. ಅಲೆ ಉದ್ದ ಆಯ್ತು, ವೇಗ ಒಂದಿಷ್ಟೂ ಇಳಿಯಲಿಲ್ಲ. ಸುಸ್ತು ಎಲ್ಲಿಂದ ಬಂತು?

ನನ್ನನ್ನ ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ದೋಣಿ ದೂರವೂ ಹೋಗದೆ ಹತ್ತಿರವೂ ಬಾರದೆ, ಸುಮ್ನೆ ನಮ್ಮೆದುರು ಅಡ್ಡ ಹಾಯುವಾಗ? ಆ ಗಳಿಗೆಯಲ್ಲಿ ಹೊರಟ ಹಾರ್ನಿನ ಸದ್ದಾದರೆ ದಪ್ಪವೂ ಆಗಲ್ಲ, ತೆಳ್ಳಗೂ ಆಗಲ್ಲ. ಬೆಳಕಿಗೆ ಮಾತ್ರ ಆ 1.25 ಉಳಿದೇ ಉಳಿಯುತ್ತದೆ! ಬರೀ ಗಡಿಯಾರದ ನಿಧಾನ, ಬೇರೇನೂ ಇಲ್ಲ. ಓಡುವ ಹೈಡ್ರೋಜನ್ ಪರಮಾಣುಗಳ ಬೆಳಕಿನಲ್ಲಿ ಐವ್ಸ್ ಮತ್ತು ಸ್ಟಿಲ್‌ವೆಲ್ ಎಂಬ ವಿಜ್ಞಾನಿಗಳು 1938ರಲ್ಲೇ ಈ ನಿಧಾನವನ್ನು ಹಿಡಿದಿದ್ದರು.

ಇದನ್ನೂ ಹೇಳೋಣ ಅಂತ ದೋಣಿಯನ್ನು ಅಡ್ಡ ತಿರುಗಿಸಿದೆ. ಅಷ್ಟರಲ್ಲಿ ಬಡಿಸುವವರು ಬಂದು ನನ್ನ ಸಮುದ್ರದ ಮೇಲೆ ಅನ್ನ ಹಾಕಿ ಮಜ್ಜಿಗೆ ಸುರಿದು ಹೋದರು.