ಮಾವನ ಡಾಲ್ಫಿನ್, ಒಂದು ಶನಿವಾರ

ಬಸವನಗುಡಿಯಲ್ಲಿ ನನ್ನ ಸೋದರಮಾವನ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಅದರೊಳಗೆ ಟಾರ್ಪಾಲು ಹೊದ್ದ ಒಂದು ಪುಟ್ಟ ಕಾರು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾನು ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಅದರಲ್ಲೇ. ಹಿಂದೆ ಸೀಟೇ ಇರಲಿಲ್ಲ, ಆರಾಮಾಗಿ ಮಲಗಬಹುದಿತ್ತು. ಸೀಟು ಯಾಕಿಲ್ಲ ಅಂತ ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ.

ಅದು ಸಿಪಾನಿ ಡಾಲ್ಫಿನ್. ಬೆಂಗಳೂರಲ್ಲೇ ತಯಾರಾದ ಕಾರು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ನಮ್ಮೂರ ಅವತಾರ. ಎರಡೇ ಬಾಗಿಲು, ಫೈಬರ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. 1983ರ ಕೊನೆಗೆ ಮಾರುತಿ 800 ಬಂತು, ಸಂಸಾರಸ್ಥರೆಲ್ಲ ಆ ಕಡೆ ತಿರುಗಿದರು. ಅವರಿಗೆ ಬೇಡವಾದ ಡಾಲ್ಫಿನ್ ರೇಸಿನ ಹುಚ್ಚಿದ್ದವರಿಗೆ ಬೇಕಾಯಿತು. ಅಂಬಾಸಿಡರಿನ ಅರ್ಧದಷ್ಟು ತೂಕ, ಮೇಲಾಗಿ ಹಿಂದಿನ ಚಕ್ರ ತಳ್ಳಿಕೊಂಡು ಹೋಗುವ ಗಾಡಿ. ಇನ್ನೇನು ಬೇಕು?

ಮಾವ ಅದನ್ನು ಓಡಿಸಿದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. ವಿಜಯ್ ಮಲ್ಯ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದೂ ಅಲ್ಲೇ. ಮಾವನ ಬಳಿ ಅಷ್ಟು ದುಡ್ಡೆಲ್ಲಿತ್ತು? ಬೆಂಗಳೂರಿಂದ ಇದೇ ಕಾರಲ್ಲಿ ಹೋಗಿ, ರೇಸ್ ಮುಗಿಸಿ, ಇದರಲ್ಲೇ ವಾಪಸ್ ಬರುತ್ತಿದ್ದರಂತೆ. ತೂಕ ಇಳಿಸಲು ಹಿಂದಿನ ಸೀಟು ಕಿತ್ತದ್ದು, ಗಾಜು ಇಳಿಸುವ ಹ್ಯಾಂಡಲ್ ಕಿತ್ತದ್ದು, ಬಾಗಿಲಿನ ಒಳಪಟ್ಟಿಗೆ ಡ್ರಿಲ್ಲಿಂದ ಸಾಲಾಗಿ ತೂತು ಹೊಡೆದದ್ದು ಎಲ್ಲ ಆಗಲೇ.

ಮೊನ್ನೆ ಒಂದು ಶನಿವಾರ ಅದನ್ನು ಸ್ಟಾರ್ಟ್ ಮಾಡಿಯೇ ಬಿಡೋಣ ಅಂತ ಕೂತೆವು. ಮಾವ, ನಾನು, ಮಾವನ ಹಳೆಯ ಮೆಕ್ಯಾನಿಕ್ ಭಾಯ್. ಭಾಯ್‌ಗೆ ಎಪ್ಪತ್ತು ದಾಟಿದೆ, ಆದರೂ ಬೆರಳು ನಡುಗುವುದಿಲ್ಲ. ಎರಡು ದಿನ ಮೊದಲೇ ಬಂದು ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಹೋಗಿದ್ದರು. ಶನಿವಾರ ಬಂದವರೇ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿದರು. ಮೊದಲು ಬಗ್ಗಲಿಲ್ಲ. ಆಮೇಲೆ ಕಾಲು ಸುತ್ತು, ಅರ್ಧ ಸುತ್ತು. "ಜಾಮ್ ಆಗಿಲ್ಲ ಸಾರ್," ಅಂದರು. ಮಾವ ಮುಖ ಆ ಕಡೆ ತಿರುಗಿಸಿ ಸುಮ್ನೆ ಕನ್ನಡಕ ಒರೆಸಿಕೊಂಡರು.

ಟ್ಯಾಂಕಿನ ಪೆಟ್ರೋಲು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಅದನ್ನು ಬಿಟ್ಟು, ಬಾನೆಟ್ಟಿಗೆ ಬಾಟಲಿ ನೇತುಹಾಕಿ ಪೈಪಲ್ಲಿ ಕಾರ್ಬುರೇಟರಿಗೆ ಹೊಸ ಪೆಟ್ರೋಲ್ ಕೊಟ್ಟೆವು, ಆಸ್ಪತ್ರೇಲಿ ಗ್ಲೂಕೋಸ್ ಏರಿಸಿದ ಹಾಗೆ. ಬ್ಯಾಟರಿ ಮಾವನ ಈಗಿನ ಕಾರಿನದು. ಇಲಿ ಕಡಿದ ಎರಡು ವೈರಿಗೆ ಟೇಪು ಸುತ್ತಿದೆವು. ನಾಲ್ಕನೇ ಸಲಕ್ಕೆ ಒಮ್ಮೆ ಕೆಮ್ಮಿತು. ಐದನೇ ಸಲ ಹತ್ತಿಕೊಂಡಿತು!

ಸೈಲೆನ್ಸರ್ ಅನ್ನೋದು ಬರೀ ಒಂದು ಪೈಪು. ಶೆಡ್ಡಿನ ತಗಡೆಲ್ಲ ಗಡಗಡ ಅಂತು. ಬಿಳಿ ಹೊಗೆ ಮೇಲಕ್ಕೆ ಹೋಗಿ ಮಹಡಿಯ ಮೇಲಿಂದ ಅತ್ತೆಯ ಕೂಗು ಬಂತು, "ಒಗೆದ ಬಟ್ಟೆ ಎಲ್ಲಾ ಹೋಯ್ತು ರೀ!" ಮಾವನಿಗೆ ಎಲ್ಲಿ ಕೇಳಿಸಬೇಕು? ಬಕೆಟ್ ಸೀಟಲ್ಲಿ ಕೂತು ಎಕ್ಸಲೇಟರ್ ಒತ್ತುತ್ತಿದ್ದರು. ಎರಡು ನಿಮಿಷವೂ ಆಗಿರಲಿಲ್ಲ, ರೇಡಿಯೇಟರ್ ಹೋಸ್ ಒಡೆದು ನೀರೆಲ್ಲ ನೆಲಕ್ಕೆ. ಭಾಯ್ ತಕ್ಷಣ ಆಫ್ ಮಾಡಿಸಿದರು.

ಇಬ್ಬರೂ ಹೋಸ್ ತರಲು ಜೆ.ಸಿ. ರೋಡಿಗೆ ಹೊರಟರು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಫ್ಯಾಕ್ಟರಿಯಿಂದ ಬಂದ ಹಾಗೆ ಕಾರನ್ನು ಹೊಸದಾಗಿಸಬೇಕು ಅನ್ನೋದು ನನ್ನ ಆಸೆ. ಹಿಂದಿನ ಸೀಟು ಎಲ್ಲಾದರೂ ಗುಜರಿಯಲ್ಲಿ ಸಿಕ್ಕೀತೇ ಅಂತ ವಿಚಾರಿಸುತ್ತಲೂ ಇದ್ದೆ. ಬಾಗಿಲ ಮೇಲಿನ ಕ್ರೀಮ್ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ವಾಟರ್ ಪೇಪರ್ ನೆನೆಸಿಕೊಂಡು ಉಜ್ಜತೊಡಗಿದೆ. ಕೆಳಗೆ ಕಪ್ಪು ಬಣ್ಣ ಕಂಡಿತು. ಯಾವುದೋ ಕಲೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಫೈಬರ್ ಕಾಣಿಸಿದ ಮೇಲೆ ಗಾಬರಿಯಾಗಿ ಸುತ್ತಲಿನ ಬಣ್ಣವನ್ನು ಮೆಲ್ಲಗೆ ತೆಗೆದು ನೋಡಿದರೆ, ಬಿಳಿ ವೃತ್ತದೊಳಗೆ ಒಂದು ನಂಬರು. 33.

ಮಾವ ಬಂದು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮದುವೆ ಮಾತುಕತೆ ನಡೆದಾಗ, ಹೆಣ್ಣು ಕೊಡುವವರ ಕಣ್ಣಿಗೆ ಮರ್ಯಾದಸ್ಥರ ಕಾರಾಗಿ ಕಾಣಲಿ ಅಂತ ಅಜ್ಜ ಮೇಲೆ ಕ್ರೀಮ್ ಬಣ್ಣ ಹೊಡೆಸಿದ್ದರಂತೆ.

"ನನ್ನ ನಂಬರು 38 ಕಣೋ," ಅಂದರು ಕೊನೆಗೆ. "ಎಂಟರ ಅರ್ಧ ಉಜ್ಜಿ ಹಾಕಿದ್ದೀಯಲ್ಲ."

ನನಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಪೇಂಟರನ್ನು ಕರೆಸಿ ಬರೆಸೋಣ ಮಾವ, ಅಂದೆ.

ಭಾಯ್ ನಗು ತಡೆಯಲಾಗದೆ ಬಾಯಿಗೆ ಬಟ್ಟೆ ಅಡ್ಡ ಹಿಡಿದರು. "ಸಾರ್, 33 ಅಂದ್ರೆ ಆ ವರ್ಷ..."

"ಹೂಂ ಮಾರಾಯ, ಗೊತ್ತು. ನನ್ನನ್ನ ಹಿಂದೆ ಹಾಕಿದವನು ಅವನೇ," ಅಂದರು ಮಾವ. ಬಾಗಿಲಿನ ಮೇಲೆ ಒಂದು ಸಲ ಕೈಯಾಡಿಸಿದರು. "ಇರಲಿ ಬಿಡು. ಬಣ್ಣ ಗಿಣ್ಣ ಬೇಡ. ಆ ಹೋಸ್ ಕೊಡು ಇಲ್ಲಿ."