ಮೂರು ದಿನ 'ರನ್ನಿಂಗ್' ಆದ ಬ್ಯಾಕಪ್

ಮಂಗಳೂರಿನ ಬೈಕಂಪಾಡಿಯ ಒಂದು ಕಂಪನಿಗೆ ಬ್ಯಾಕಪ್ ಇಡಲು ಹೊಸ ನ್ಯಾಸ್, ಅಂದರೆ ನೆಟ್‌ವರ್ಕ್‌ಗೆ ಜೋಡಿಸುವ ಸ್ಟೋರೇಜ್ ಡಬ್ಬ, ಹಾಕಿದ್ದೆವು. ಸರ್ವರ್‌ನ ಫೈಲುಗಳನ್ನು ಅದಕ್ಕೆ ಕಾಪಿ ಮಾಡಲು ರೋಬೊಕಾಪಿ (ವಿಂಡೋಸ್‌ನ ಕಾಪಿ ಕಮಾಂಡ್) ಸ್ಕ್ರಿಪ್ಟ್ ಬರೆದದ್ದು ನಾನೇ. ಶುಕ್ರವಾರ ರಾತ್ರಿ ಮೊದಲ ಫುಲ್ ಬ್ಯಾಕಪ್. ಶನಿವಾರ ಮನೆಯಿಂದ ನೋಡಿದರೆ, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ರನ್ನಿಂಗ್'. ಭಾನುವಾರವೂ 'ರನ್ನಿಂಗ್'. ಡೇಟಾ ಜಾಸ್ತಿ ಇದೆ, ಟೈಮ್ ಹಿಡಿಯುತ್ತದೆ ಅಂತ ಆರಾಮಾಗಿ ಪಣಂಬೂರು ಬೀಚಿಗೆ ಹೋದೆ.

ಸೋಮವಾರ ಬೆಳಿಗ್ಗೆ ಸ್ಟೋರ್ಸ್‌ನಿಂದ ಫೋನ್. "ಸ್ಟಾಕ್ ಫೈಲ್ ಡಿಲೀಟ್ ಆಯ್ತು ಮಾರಾಯ್ರೇ, ಬ್ಯಾಕಪ್ ಉಂಟಲ್ಲ?" ಉಂಟು ಉಂಟು ಅಂದೆ. ನ್ಯಾಸ್ ತೆರೆದು ನೋಡುತ್ತೇನೆ, ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರ 'ಎಂಡಿ' ಫೋಲ್ಡರ್ ಅರ್ಧ ಬಂದಿದೆ, ಅದರ ಮುಂದಿನದು ಒಂದೂ ಇಲ್ಲ. ಕೂಳೂರು ಸೇತುವೆಯ ಜಾಮ್‌ನಲ್ಲಿ ನಿಂತಿದ್ದಾಗ ಹೊಟ್ಟೆಯಲ್ಲಿ ಆದ ಸಂಕಟ ಕೇಳಬೇಡಿ.

ಹೋದವನೇ ಟಾಸ್ಕ್ ನಿಲ್ಲಿಸಿ ಕೈಯಿಂದಲೇ ಸ್ಕ್ರಿಪ್ಟ್ ಓಡಿಸಿದೆ. ಓಡುತ್ತಿರುವಾಗಲೇ, ಯಾಕೋ ಏನೋ, ನ್ಯಾಸನ್ನು ರೀಸ್ಟಾರ್ಟ್ ಮಾಡಿದೆ. ತಕ್ಷಣ ಎರರ್ 64, ನೆಟ್‌ವರ್ಕ್ ಹೆಸರು ಸಿಗುತ್ತಿಲ್ಲ ಅಂತ. ನೋಡಿ, ನಾನು ಹೇಳಲಿಲ್ವಾ, ನೆಟ್‌ವರ್ಕೇ ಸರಿಯಿಲ್ಲ! ಕೇಬಲ್ ಬದಲಿಸಿದೆ, ಸ್ವಿಚ್‌ನ ಪೋರ್ಟ್ ಬದಲಿಸಿದೆ, ಫೈಲ್ ಶೇರಿಂಗ್‌ಗೆ ಬೇಕಾದ 445 ಪೋರ್ಟ್ ಚೆಕ್ ಮಾಡಿದೆ. ನ್ಯಾಸ್ ರೀಸ್ಟಾರ್ಟ್ ಮಾಡಿ ನಾನೇ ಹುಟ್ಟಿಸಿದ ಎರರ್ ಹಿಂದೆ ಎರಡು ಗಂಟೆ ಓಡಿದೆ.

ಕೊನೆಗೆ ಏನನ್ನೂ ಮುಟ್ಟದೆ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತೆ. ಎಂಡಿ ಸಾಹೇಬರ ಔಟ್‌ಲುಕ್ ಮೇಲ್‌ಗಳೆಲ್ಲ ಇರುವ ಪಿಎಸ್‌ಟಿ ಫೈಲಿಗೆ ಬಂದು ನಿಂತಿತು. ಎರರ್ 32. ಫೈಲ್ ಬೇರೆ ಪ್ರೋಗ್ರಾಂನ ಕೈಯಲ್ಲಿದೆ, ವೇಟಿಂಗ್ 30 ಸೆಕೆಂಡ್ಸ್. ಮತ್ತೆ ಟ್ರೈ, ಮತ್ತೆ 30 ಸೆಕೆಂಡ್. ರೋಬೊಕಾಪಿಗೆ ನಾವು ಏನೂ ಹೇಳದಿದ್ದರೆ ಅದು ಒಂದೊಂದು ಫೈಲಿಗೂ 10 ಲಕ್ಷ ಸಲ ಟ್ರೈ ಮಾಡುತ್ತದೆ. ಲೆಕ್ಕ ಹಾಕಿದರೆ ಸುಮಾರು 347 ದಿನ. ಮೂರು ದಿನಕ್ಕೇ ಗೊತ್ತಾದದ್ದು ಪುಣ್ಯ.

ಸಾಹೇಬರು ಔಟ್‌ಲುಕ್ ಮುಚ್ಚುವುದೇ ಇಲ್ಲ. ಪಿಎಸ್‌ಟಿ ಸರ್ವರ್‌ನ ಶೇರ್ ಫೋಲ್ಡರ್‌ನಲ್ಲಿ ಬೇಡ, ಮೈಕ್ರೋಸಾಫ್ಟ್‌ನವರೇ ಬೇಡ ಅನ್ನುತ್ತಾರೆ ಅಂತ ಮೊದಲೇ ಹೇಳಿದ್ದೆ. "ಸರ್ವರ್‌ನಲ್ಲಿದ್ದರೆ ಸೇಫ್ ಅಲ್ವಾ?" ಅಂದಿದ್ದರು. ಸರಿ, ಅದು ಅವರ ಹಠ. ಆದರೆ ಏನೇನಾಯ್ತು ಅಂತ ಬರೆದಿಡುವ ಲಾಗ್ ಹಾಕದೆ ಸ್ಕ್ರಿಪ್ಟ್ ಬರೆದವನು ನಾನು. ಲಾಗ್ ಇದ್ದಿದ್ದರೆ ಶನಿವಾರ ಮನೆಯಲ್ಲಿ ಕೂತೇ ಗೊತ್ತಾಗುತ್ತಿತ್ತು.

ಸ್ಟೋರ್ಸ್‌ನವರಿಗೆ ಹಳೇ ನ್ಯಾಸ್‌ನಲ್ಲಿದ್ದ ಹಿಂದಿನ ವಾರದ ಫೈಲ್ ಕೊಟ್ಟೆ. ವಾರದ ಎಂಟ್ರಿ ಎಲ್ಲ ಅವರು ಮತ್ತೆ ಹೊಡೆದರು, ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಈಗ ಸ್ಕ್ರಿಪ್ಟ್‌ನಲ್ಲಿ ಎರಡೇ ಟ್ರೈ, ಐದು ಸೆಕೆಂಡ್ ವೇಟ್, ಲಾಗ್ ಫೈಲ್ ನನ್ನ ಮೇಲ್‌ಗೆ ಬರುತ್ತದೆ. ಪ್ರತಿ ಶನಿವಾರ ಅದರಲ್ಲಿ ಫೇಲ್ ಆದ ಫೈಲ್ ಒಂದೇ. ಯಾರದ್ದು ಅಂತ ಹೇಳಬೇಕಾ?